ಮುನ್ನೂರೈವತ್ತು ಬೈಸ

ಶುಕ್ರವಾರ ಮಧ್ಯಾಹ್ನ ಮೂರಕ್ಕೆ
ರುವಿಯ ಗಡಿಯಾರ ಗೋಪುರದ ಹತ್ತಿರ
ಪದ್ಮರಾಜನ ಹಳೇ ಕೊರೊಲ್ಲಾ.
ಹಿಂದಿನ ಸೀಟಿನಲ್ಲಿ ನಾನು, ವಿಲ್ಮಾ,
ನಡುವೆ ಎಂಟು ಬಾಟಲಿ ನೀರು, ಒಂದು ಕಲ್ಲಂಗಡಿ.
ಕಲ್ಲಂಗಡಿ ಯಾಕೆ ಅಂದರೆ ಶಮೀಮ್ ಮುಂದಿನಿಂದಲೇ,
"ಹೊತ್ತವನಿಗೇ ಗೊತ್ತು ಅದರ ರುಚಿ."
ಹೊರುವವನು ನಾನು.

ಲೆಕ್ಕವೂ ನನ್ನದೇ.
ವಾದಿ ಕಬೀರಿನ ಟೈರು ಗೋದಾಮಿನಲ್ಲಿ ವಾರವೆಲ್ಲ ಬರೆದದ್ದು ಸಾಲದೆಂದು
ಶುಕ್ರವಾರಕ್ಕೂ ಒಂದು ನೀಲಿ ನೋಟುಬುಕ್ಕು:
ಪೆಟ್ರೋಲು, ಲಬನ್, ಪರೋಟ, ಭಾಗಿಸು ನಾಲ್ಕು.

ರಿಯಾಮಿನಲ್ಲಿ ಕಾರು ಬಿಟ್ಟು ಹತ್ತಿದರೆ
ಮರವಿಲ್ಲ, ಹುಲ್ಲಿಲ್ಲ, ಹೊದೆಯಲು ಏನೂ ಇಲ್ಲದ ಬೆಟ್ಟ,
ಬಾಣಲೆಯ ತಳದ ಹಾಗೆ ಕಪ್ಪು,
ನವೆಂಬರಿನಲ್ಲೂ ಈಗಷ್ಟೇ ಒಲೆಯಿಂದಿಳಿದಂತೆ ಬಿಸಿ.
ಹಿಂದೆ ಕತ್ತೆಗಳು ನಡೆದ ಹಾದಿಯಂತೆ.
ಈಗ ಕಲ್ಲಿನಿಂದ ಕಲ್ಲಿಗೆ ಹಳದಿ, ಬಿಳಿ, ಕೆಂಪು ಗೆರೆ;
ನಮಗಿಂತ ಮೊದಲು ದಾರಿ ತಪ್ಪಿದವರು ಬಳಿದಿರಬೇಕು.

ಪದ್ಮರಾಜ ಮುಂದೆ. ಕಾರ್ಕಳದ ಬಂಡೆಗಳ ಮೇಲೆ ಬರಿಗಾಲಲ್ಲಿ ಬೆಳೆದವನು.
ನಾನು ಗದಗಿನ ಎರೆ ನೆಲದವನು,
ಎತ್ತರ ಅಂದರೆ ಟ್ರ್ಯಾಕ್ಟರಿನ ಸೀಟು.
ಕೆಳಗೆ ನೋಡಬೇಡ ಅನ್ನುತ್ತಾಳೆ ವಿಲ್ಮಾ
ಕೆಳಗೇ ನೋಡುತ್ತ.

ಅರ್ಧ ದಾರಿಗೆ ಅವನ ಬಲಗಾಲ ಬೂಟು ಬಾಯಿ ಬಿಟ್ಟಿತು.
ಇಲ್ಲಿಯ ಸೆಕೆಗೆ ಅಂಟು ಬತ್ತಿ
ಕಪಾಟಿನೊಳಗೇ ಮುದಿಯಾದ ಬೂಟು;
ಅಟ್ಟೆ ಚಪ್ಪಾಳೆ ತಟ್ಟುತ್ತ ಹಿಂದೆ ಹಿಂದೆ ಬಂತು.
ನಕ್ಕೆವು. ಶಮೀಮ್ ಅಂದ,
"ಇದರದ್ದೂ ವೀಸಾ ಮುಗೀತಲ್ಲ ಮಾರಾಯ!"

ಆಮೇಲೆ ಯಾರೂ ಮಾತಾಡಲಿಲ್ಲ.
ಮೇಲಿನ ಬಂಡೆಯಿಂದ ಒಂದು ಆಡು
ಎರಡು ಸಲ ಕೆಮ್ಮಿತು.

ಬರುವ ಮಂಗಳವಾರ ಅವನ ವಿಮಾನ.
ಕಾರು ಸಲಾಲಾದವನೊಬ್ಬನಿಗೆ ಮಾರಿಯಾಗಿದೆ, ಭಾನುವಾರ ಕೀಲಿ.
ಮೂರು ವಾರದಿಂದ ನಾಲ್ವರಿಗೂ ಗೊತ್ತು,
ಮೂರು ವಾರದಿಂದ ನಾವು ಮಾತಾಡಿದ್ದು
ಬಾಟಲಿ, ಬೂಟು, ಹವೆ.

ವಿಲ್ಮಾ ಕೂತಳು. ಆಸ್ಪತ್ರೆಯ ಕ್ರೇಪ್ ಬ್ಯಾಂಡೇಜು ತೆಗೆದು
ಬೂಟಿಗೆ ಸುತ್ತಿದಳು, ಕಣಕಾಲಿಗೆ ಸುತ್ತುವಷ್ಟೇ ಜೋಪಾನವಾಗಿ,
ಪಿನ್ನು ಚುಚ್ಚಿ, "ನೋವಿದೆಯಾ?" ಅಂತ ಕೇಳಿದಳು.
ಅಭ್ಯಾಸಬಲ.
"ಸ್ವಲ್ಪ" ಅಂದ ಅವನು.

ನೆತ್ತಿಯಿಂದ ಮತ್ರಾ ಕಾಣಿಸಿತು: ಕೋಟೆ, ಬಂದರು, ನಿಂತ ಹಡಗು.
ಶಮೀಮ್ ಅರ್ಧ ಬಾಟಲಿಯಲ್ಲಿ ಮುಖ, ಮುಂಗೈ, ಪಾದ ತೊಳೆದು
ಅಸರ್ ನಮಾಜಿಗೆ ಚಪ್ಪಟೆ ಕಲ್ಲೊಂದನ್ನು ಹುಡುಕಿದ.
ವಿಲ್ಮಾಳ ಪೂಜೆ ಬೆಳಿಗ್ಗೆಯೇ ಇಗರ್ಜಿಯಲ್ಲಿ ಮುಗಿದಿತ್ತು.
ಪದ್ಮರಾಜ ಸೂರ್ಯನನ್ನೇ ನೋಡುತ್ತಿದ್ದ;
ಹೊತ್ತು ಮುಳುಗುವುದರೊಳಗೆ ಉಣ್ಣಬೇಕು ಅವನು.
ಏಳು ವರ್ಷ ಜತೆ ತಿರುಗಿ
ನಮಗೂ ಹಸಿವು ಅದೇ ಹೊತ್ತಿಗೆ.
ಪರೋಟ, ಈರುಳ್ಳಿಯಿಲ್ಲದ ಪಲ್ಯ. ಚಾಕು ಮರೆತಿದ್ದೆವು,
ಕಲ್ಲಂಗಡಿಯನ್ನು ಬಂಡೆಗೆ ಬಡಿದೆವು.
ಬೀಜ ಉಗುಳಿ ಶಮೀಮ್, "ಮುಂದಿನ ವರ್ಷ ಇಲ್ಲಿ ಬಳ್ಳಿ" ಅಂದ.
ಮುಂದಿನ ವರ್ಷ ಎಂಬುದು
ಕಾಲಿಗೆ ತಾಗಿದ ಕಲ್ಲಿನಂತೆ ಉರುಳಿ ಹೋಯಿತು,
ಬಹಳ ಹೊತ್ತು ಸದ್ದು ಕೇಳಿಸಿತು.

ಇಳಿಯುವಾಗ ಮಸುಕು. ಒಣ ಹಳ್ಳದ ಗುಂಡಿಯಲ್ಲಿ
ಬೊಗಸೆ ನೀರು, ಉಗುರುದ್ದ ಮೀನು.
ವಿಲ್ಮಾ ಪರೋಟದ ಚೂರು ಹಾಕಿದಳು. ತಿಂದವು.

ಮತ್ರಾದ ಚಹಾದಂಗಡಿಯಲ್ಲಿ ನೋಟುಬುಕ್ಕು ತೆಗೆದೆ.
"ಇವತ್ತು ಪೂರಾ ಚುಕ್ತಾ ಮಾಡು," ಅಂದ ಪದ್ಮರಾಜ,
"ಬಾಕಿ ಇಟ್ಟು ಹೋಗಬಾರದು."
ಕೂಡಿಸಿದೆ. ಭಾಗಿಸಿದೆ.
ಹದಿಮೂರು ವರ್ಷ ಒಂದು ಟೈರೂ ತಪ್ಪದ ಕೈ
ಆರನ್ನು ಒಂಬತ್ತು ಮಾಡಿತು.
"ನಾನೇ ನಿನಗೆ ಕೊಡಬೇಕು, ಮುನ್ನೂರೈವತ್ತು ಬೈಸ.
ಚಿಲ್ಲರೆ ಇಲ್ಲ."

ನೋಟುಬುಕ್ಕು ತನ್ನ ಕಡೆ ತಿರುಗಿಸಿಕೊಂಡ.
ಅವನೂ ಬ್ಯಾಂಕಿನಲ್ಲಿದ್ದವನು.
ಒಂಬತ್ತಿನ ಮೇಲೆ ಬೆರಳಿಟ್ಟ, ತೆಗೆದ,
ಚಹಾ ಆರುತ್ತಿದೆ ಅಂದ.

ಕಾರು ರಿಯಾಮಿನಲ್ಲಿ.
ಸಮುದ್ರದಂಚಿಗೆ ಅಷ್ಟುದ್ದ ಹಿಂದಕ್ಕೆ ನಡೆದೆವು,
ಬ್ಯಾಂಡೇಜಿನ ಬೂಟು ಹೆಜ್ಜೆಗೊಮ್ಮೆ ಚಟ್ ಅನ್ನುತ್ತ,
ಕುಂಟುವವನು ಅವನೊಬ್ಬನೇ,
ನಿಧಾನ ಎಲ್ಲರೂ.