ಇಳಿ

ಶಂಕರಘಟ್ಟಕ್ಕೆ ನಾಳೆ ಹತ್ತೂವರೆಗೆ ಹೊಸಬರು ಬರುತ್ತಾರೆ.
ಸಭಾಂಗಣದಲ್ಲಿ ಗುತ್ಯಪ್ಪಣ್ಣ ಕುರ್ಚಿ ಎಣಿಸುತ್ತಿದ್ದಾನೆ,
ನೂರ ಹದಿನಾರರಲ್ಲಿ ಯಾರೋ ಮಾತಾಡಿಸಿ
ಮತ್ತೆ ಒಂದರಿಂದ.
ನನ್ನ ಪಾಲಿಗೆ ಬಂದದ್ದು ಹೆಸರಿನ ಕೆಲಸ:
ಅಕ್ಷರ ಗುಂಡಗಿದೆ ಅಂತ, ಎರಡನೇ ವರ್ಷ ಅಂತ,
ಹೇಳಿದ್ದಕ್ಕೆ ಇಲ್ಲ ಅನ್ನುವುದಿಲ್ಲ ಅಂತ.
ಡಬ್ಬಿ ತುಂಬ ಬಿಳಿ ಕಾರ್ಡು,
ಮೂರು ಸ್ಕೆಚ್ ಪೆನ್ನು, ಒಂದು ಆಗಲೇ ಒಣಗಿದ್ದು,
ಮತ್ತೆ ಕಚೇರಿಯಿಂದ ಬಂದ ಪಟ್ಟಿ,
ಪೂರಾ ಇಂಗ್ಲಿಷಿನ ದೊಡ್ಡಕ್ಷರದಲ್ಲಿ.

ಅದಕ್ಕೆ ಇಳಿ ಇಲ್ಲ, ಗುಡಿಸಿಲ್ಲ, ಕೊಂಬಿಲ್ಲ.
ನ-ಣ ಇಬ್ಬರಿಗೂ ಒಂದೇ ಚಾಪೆ,
ಲ-ಳ ಇಬ್ಬರಿಗೂ ಒಂದೇ ತಟ್ಟೆ.
ಇವಳು ಹಾಲಮ್ಮನೋ, ಹಳ್ಳಮ್ಮನೋ?
ನಾಲಿಗೆ ಒಂಚೂರು ಹೆಚ್ಚು ಮಡಚಿದರೆ
ಹಾಲು ಹಾಳು.
ಮಣಿಬಾಯಿ ತಾಂಡಾದವಳು, ಮಣಿಯೇ ಇರಬೇಕು,
ಕಾಗದದ ಮೇಲೆ ಮಾತ್ರ ಅವಳು
ಮನೆಯೂ ಆಗಬಹುದು, ದುಡ್ಡೂ ಆಗಬಹುದು.
ಪಳನಿವೇಲು ಭದ್ರಾವತಿ ಕ್ವಾರ್ಟರ್ಸಿನವನು,
ಅವನ ಳ ನನಗೆ ಗೊತ್ತು,
ಅದರ ಗೋಡೆಯಾಚೆಯೇ ನಾನು ಬೆಳೆದದ್ದು.

ಹೋದ ವರ್ಷ ಇದೇ ಸಭಾಂಗಣದಲ್ಲಿ
ನನ್ನ ಕೊರಳಿಗೆ ಬಿದ್ದ ಕಾರ್ಡಿನಲ್ಲಿ
ಇಳಿ ಬಿಟ್ಟುಹೋಗಿತ್ತು.
ಸಾಕಮ್ಮ ಸಕಮ್ಮ ಆಗಿದ್ದಳು.
ನಾನು ನಾಲ್ಕನೆಯ ಹೆಣ್ಣು.
ಅಜ್ಜಿ ತೊಟ್ಟಿಲ ಹತ್ತಿರವೂ ಬರದೆ
ಬಾಗಿಲಲ್ಲೇ ನಿಂತು ಆಡಿದ ಒಂದು ಮಾತು,
ಅದೇ ಶಾಲೆಯ ದಾಖಲೆಗೆ ಹೋಯಿತು.
ಅವತ್ತು ಸಂಜೆಯವರೆಗೆ
ಅರ್ಥವೇ ಇಲ್ಲದ ಹೆಸರಿನವಳಾಗಿ ತಿರುಗಿದೆ
ಗ್ರಂಥಾಲಯದಲ್ಲಿ, ಕ್ಯಾಂಟೀನಿನಲ್ಲಿ, ಶುಲ್ಕದ ಕಿಟಕಿಯ ಮುಂದೆ.
ನಿಮ್ಮ ಮನೇಲಿ ಎಷ್ಟು ಜನ ಹೆಣ್ಣುಮಕ್ಕಳು
ಅಂತ ಯಾರೂ ಕೇಳಲಿಲ್ಲ.
ತಿದ್ದಿ ಕೊಡ್ತೀನಿ ಅಂತ ಬಂದ ಸೀನಿಯರ್‌ಗೆ
ಪರವಾಗಿಲ್ಲ ಬಿಡಿ ಅಂದೆ.

ಹಾಗಂತ ಎಲ್ಲರ ಇಳಿಯನ್ನೂ ಬೀಳಿಸಲಾದೀತೆ?
ಅನುಮಾನ ಬಂದವರಿಗೆಲ್ಲ ಫೋನು ಹಚ್ಚಿದೆ.
ಹಾಲಮ್ಮನ ನಂಬರಿಗೆ ಅವಳ ಅಣ್ಣ ಸಿಕ್ಕ,
ಹಿಂದೆ ಅಕ್ಕಿ ಗಿರಣಿಯ ಸದ್ದು.
"ಹಾಲು ಮೇಡಂ, ಕುಡಿಯೋ ಹಾಲು!" ಅಂತ ಕೂಗಿ
ತಂಗಿಯ ಕೈಗೆ ಕೊಟ್ಟ.
ಅವಳಿಗೆ ಹೆಸರಿನ ಚಿಂತೆಯೇ ಇಲ್ಲ:
"ಓರಿಯೆಂಟೇಶನ್ ಅಂದ್ರೆ ಏನಕ್ಕಾ, ಪರೀಕ್ಷೆನಾ?"
ಬ್ಯಾನರಿನಲ್ಲಿ 'ಅಭಿವಿನ್ಯಾಸ' ಅಂತ ಬರೆಸಿದ್ದಾರೆ,
ಅದನ್ನು ಹೇಳಿದರೆ ಬರುವುದನ್ನೇ ಬಿಟ್ಟಾಳು.

ಹೇಳಿದೆ:
ಬಸ್ಸು ಗೇಟಿನ ಹತ್ತಿರ ನಿಲ್ಲಿಸುತ್ತಾನೆ,
ನಿಲ್ಲಿಸದಿದ್ದರೆ ತಗಡು ಬಡಿ.
ರಸೀದಿಯ ಜೆರಾಕ್ಸ್ ಎರಡು ಇಟ್ಟುಕೋ,
ಬೇಡ ಅಂದಿರುತ್ತಾರೆ, ಆಮೇಲೆ ಕೇಳುತ್ತಾರೆ.
ಹಾಸ್ಟೆಲಿನ ಎಡಗಡೆ ನಲ್ಲಿಯ ನೀರು ಕುಡಿಯಬೇಡ.
ಭಾಷಣ ನಾಲ್ಕು,
ನಿದ್ದೆ ಬರುವವರಿಗೆ ಕಂಬದ ಹಿಂದಿನ ಸಾಲು ಒಳ್ಳೆಯದು.
ಆಚೆಯಿಂದ ಕಾಗದ ಮಗುಚಿದ ಸದ್ದು.
"ಕಂಬದ... ಹಿಂದಿನ... ಸಾಲು."
ಬರೆದುಕೊಳ್ಳುತ್ತಿದ್ದಾಳೆ, ಪುಣ್ಯಾತ್ಗಿತ್ತಿ.

"ನಿಮ್ಮ ಹೆಸರೇನಕ್ಕಾ?"
ಹೇಳಿದೆ, ಇಳಿ ಸಮೇತ.
ಒಂದು ಗಳಿಗೆ ಗಿರಣಿಯೊಂದೇ ಮಾತಾಡಿತು.
"ನಮ್ಮ ಚಿಕ್ಕಮ್ಮಂದೂ ಅದೇ ಹೆಸರು.
ಊಟಕ್ಕೆ ಕೂತಾಗ ನಾವು ಸಾಕು ಅಂದ್ರೆ
ಕರೆದ್ರಾ ಅಂತ ಬಂದು
ಇನ್ನೊಂದು ರೊಟ್ಟಿ ಹಾಕಿಬಿಡ್ತಾಳೆ."

ನಾನು ನಕ್ಕದ್ದು ಸಭಾಂಗಣದವರೆಗೂ ಕೇಳಿಸಿರಬೇಕು,
ಗುತ್ಯಪ್ಪಣ್ಣನ ಎಣಿಕೆ ಮತ್ತೆ ತಪ್ಪಿತು.
"ಒಂದೆರಡು ಹೆಚ್ಚೇ ಇರಲಿ ಬಿಡು," ಅಂದ,
"ಪಟ್ಟೀಲಿ ಇಲ್ಲದೋರೂ ಬರ್ತಾರೆ."
ಖಾಲಿ ಕಾರ್ಡು ಐದು ತೆಗೆದಿಟ್ಟೆ.

ನನ್ನದು ಕೊನೆಗೆ.
ಸ ಬರೆದು ಇಳಿ ಎಳೆಯುವಾಗ ಪೆನ್ನು ನಿಂತಿತು.
ಕೊಡವಿದೆ, ತುದಿಯನ್ನು ನಾಲಿಗೆಗೆ ತಾಗಿಸಿದೆ,
ನೀಲಿ ರುಚಿ.
ಆಮೇಲೆ ಬಂತು.