ಹನ್ನೊಂದನೆಯ ಎಲೆ

ನನ್ನದು ಸಾಗರದಲ್ಲಿ ಲಗ್ನಪತ್ರಿಕೆಯ ಪ್ರೆಸ್ಸು.
ಹಗಲೆಲ್ಲ ವರನ ಹೆಸರು, ವಧುವಿನ ಹೆಸರು,
ಅರಿಶಿನ ಕುಂಕುಮಕ್ಕೆ ಒಂದು ಕೂದಲೂ ತಾಗದಂತೆ
ಬಣ್ಣದ ಪಕ್ಕ ಬಣ್ಣ ಕೂರಿಸುವ ಕೆಲಸ.
ರಾತ್ರಿ ಶಟರ್ ಎಳೆದು
ಕಪಾಟಿನಿಂದ ಪ್ಯಾರಿಸ್ ತೆಗೆಯುತ್ತೇನೆ.

ಈಗ ಹನ್ನೆರಡು ಹಾಳೆ. ಕಲ್ಲಚ್ಚಿನವು,
ನೂರು ವರ್ಷ ದಾಟಿದವು,
ಲೋಕವೆಲ್ಲ ಒಂದೇ ಮೈದಾನಕ್ಕೆ ಬಂದಿಳಿದ
ದೊಡ್ಡ ದೊಡ್ಡ ವಸ್ತುಪ್ರದರ್ಶನಗಳ ಚಿತ್ರ:
ಕಬ್ಬಿಣದ ಗೋಪುರ, ಗಾಜಿನ ಅರಮನೆ,
ಬಾವಿಯಿಂದ ನೀರೆತ್ತಿದ ಹಾಗೆ
ಜನರನ್ನು ಆಕಾಶಕ್ಕೆತ್ತುವ ಶಿಕಾಗೋದ ಚಕ್ರ.
ಮೊದಲನೆಯದು ಸಿಕ್ಕಿದ್ದು ಶಿವಮೊಗ್ಗದ ಗುಜರಿ ಖಲಂದರನಲ್ಲಿ,
ಒಡೆದ ಕನ್ನಡಿಯ ಬೆನ್ನಿಗೆ ಹೊಡೆದಿದ್ದ ಕಾಗದ.
‘ಕನ್ನಡಿಗೆ ಐವತ್ತು, ಕಾಗದ ಪುಕ್ಕಟೆ’ ಎಂದಿದ್ದ.
ಮರುವಾರ ಹೋದರೆ
ಕಾಗದಕ್ಕೆ ಐನೂರು, ಕನ್ನಡಿ ಪುಕ್ಕಟೆ.

ಬೂಷ್ಟು ಹಿಡಿಯದಂತೆ ಕಾಯುವುದೇ ದೊಡ್ಡದು.
ಚಪ್ಪಲಿ ಅಂಗಡಿಯ ಹುಚ್ರಾಯಪ್ಪ ನನಗಾಗಿ ಎತ್ತಿಡುವ
‘ತಿನ್ನಬೇಡಿ’ ಪೊಟ್ಟಣಗಳು
ಯುರೋಪಿನ ನಾಲ್ಕೂ ಮೂಲೆಗೆ ಕಾವಲು.

ಬಫೆಲೋ ಎಂಬ ಊರಿನದೂ ಒಂದಿದೆ.
ಸುಲೋಚನೆಗೆ ಅದು ‘ಎಮ್ಮೆ ಊರಿನದು’.
ಬರಿಯ ದೀಪದಿಂದಲೇ ಕಟ್ಟಿದಂಥ ಗೋಪುರ,
ಹತ್ತಿರದ ಜಲಪಾತದಿಂದ ಅದಕ್ಕೆ ಕರೆಂಟು
ಎಂದು ನಾನು ವಿವರಿಸುತ್ತಿದ್ದಾಗಲೇ
ನಮ್ಮಲ್ಲಿ ಕರೆಂಟು ಹೋಯಿತು.
ಇಲ್ಲಿಂದ ಜೋಗಕ್ಕೆ ಎಷ್ಟು ಮೈಲಿ ಅಂತ
ಕತ್ತಲಲ್ಲಿ ಇಬ್ಬರೂ ಕೇಳಿಕೊಳ್ಳಲಿಲ್ಲ.

ಇಷ್ಟಕ್ಕೂ ನಾನು ಹುಡುಕುತ್ತಿರುವುದು ಗೋಪುರವನ್ನಲ್ಲ.
ನಾವು ಗುಡಿಗಾರರು.
ಅಜ್ಜನ ಅಜ್ಜ ಶ್ರೀಗಂಧದ ಪೆಟ್ಟಿಗೆಯೊಂದನ್ನು
ಹದಿನಾಲ್ಕು ತಿಂಗಳು ಕೂತು ಕೆತ್ತಿದ್ದನಂತೆ.
ಮುಚ್ಚಳದ ತುಂಬ ಬಳ್ಳಿ, ಬಳ್ಳಿಯೊಳಗೆ ಹಕ್ಕಿ,
ಹಕ್ಕಿಯ ಕೊಕ್ಕಿನಲ್ಲಿ ಮತ್ತೆ ಬಳ್ಳಿ.
ಹಡಗು ಹತ್ತಿತಂತೆ. ಪದಕ ಬಂತಂತೆ.
ಬಂದ ಪದಕ ಯಾವ ಸಾಹೇಬರ ಮೇಜಿನಲ್ಲಿ ಉಳಿಯಿತೋ.
ಯಾವ ಊರಿಗೆ ಹೋಗಿದ್ದು ಅಂದರೆ
ಅಜ್ಜಿಗೆ ಗೊತ್ತಿದ್ದದ್ದು ಸೀಮೆ ಎಂಬ ಒಂದೇ ಊರು.
ಸೀಮೆಎಣ್ಣೆ, ಸೀಮೆಸುಣ್ಣ,
ಸೀಮೆಗೆ ಹೋದ ಪೆಟ್ಟಿಗೆ.

ಹೋದ ತಿಂಗಳು ಬಂದ ಹಾಳೆಯಲ್ಲಿ
ಪೂರ್ವದೇಶಗಳ ಮಂಟಪ. ರತ್ನಗಂಬಳಿ, ಹಿತ್ತಾಳೆ ಆನೆ,
ಕೊಡೆ ಹಿಡಿದ ಹೆಂಗಸರು; ಎಡಮೂಲೆಯ ಮೇಜಿನ ಮೇಲೆ
ಎಳ್ಳಿನಷ್ಟು ಕಂದು.
ಭೂತಗನ್ನಡಿ ಹಿಡಿದೆ.
ಹತ್ತಿರ ಹೋದಷ್ಟೂ ಹೆಂಗಸರು ಚುಕ್ಕೆಯಾದರು,
ಆನೆ ಚುಕ್ಕೆ, ಕೊಡೆ ಚುಕ್ಕೆ,
ಗುಲಾಬಿ ಕೆನ್ನೆ ಒಡೆದು
ಕೆಂಪು ಹಳದಿ ನೀಲಿ ರಾಗಿ ಚೆಲ್ಲಿದಂತೆ.
ಆ ಕಂದೊಂದೇ ಚುಕ್ಕೆಯಾಗಲಿಲ್ಲ.
ಕಲ್ಲಿನಿಂದ ಬಂದ ಮಸಿಯಲ್ಲ ಅದು.
ಎಷ್ಟೋ ಕಾಲದ ಹಿಂದೆ ಯಾರದೋ ಗೋಡೆಯಲ್ಲಿ
ನೊಣವೊಂದು ಕೂತು ಎದ್ದುಹೋದ ಗುರುತು.

ಮೂರು ದಿನ ಯಾರಿಗೂ ಹೇಳಲಿಲ್ಲ.

ನಾಲ್ಕನೆಯ ದಿನ ಚಿಕ್ಕಪ್ಪ ಬಂದ.
ಎಂಬತ್ತು ದಾಟಿದರೂ ಉಳಿ ಬಿಡದವ.
ಹಾಳೆ ಬಿಚ್ಚಿಟ್ಟೆ, ನೊಣದ ವಿಷಯ ಎತ್ತಲಿಲ್ಲ.
ಅವನು ಮೇಜಿನತ್ತ ನೋಡಲೇ ಇಲ್ಲ.
ಚಿತ್ರದ ಸುತ್ತ ಓಡಿದ ಎಲೆಬಳ್ಳಿಯ ಅಂಚನ್ನು
ಉಗುರಿನ ತುದಿಯಲ್ಲಿ, ತಾಗಿಸದೆ, ಎಣಿಸುತ್ತ ಹೋಗಿ
ಹನ್ನೊಂದನೆಯ ಎಲೆಗೆ ನಿಂತ.
‘ಇಲ್ಲಿ ಇವನನ್ನು ಯಾರೋ ಊಟಕ್ಕೆ ಕರೆದಿದ್ದಾರೆ’ ಎಂದ.
‘ಎದ್ದುಹೋಗಿ ಬಂದು ಕೂತಿದ್ದಾನೆ. ಕೈ ಬೇರೆಯಾಗಿದೆ ನೋಡು.’

ನೋಡಿದೆ. ಎಲೆಯ ನಡುನರ
ಹತ್ತನೆಯದಕ್ಕಿಂತ ಇಷ್ಟೇ ಇಷ್ಟು ದಪ್ಪ.
ಅಡಿಯಲ್ಲಿ ಪ್ರೆಸ್ಸಿನ ಹೆಸರಿತ್ತು, ಬೀದಿಯ ಹೆಸರಿತ್ತು.
ಕಲ್ಲಿನ ಮೇಲೆ ಎಲೆ ಬರೆದವನದಿರಲಿಲ್ಲ.

‘ಎಷ್ಟು ಕೊಟ್ಟೆ ಇದಕ್ಕೆ?’
ಅರ್ಧ ಹೇಳಿದೆ.
ಅದೂ ಜಾಸ್ತಿ ಎಂದು ಗೊಣಗಿ
ಭೂತಗನ್ನಡಿಗೆ ಕೈ ಚಾಚಿದ.