ಖಾಯಂ ವಿಳಾಸ

ಶಾರ್ಜಾದ ರೋಲಾದಲ್ಲಿ ನನ್ನ ಟೈಪಿಂಗ್ ಅಂಗಡಿ.
ರೋಲಾ ಅಂದರೆ ಆಲದ ಮರವಂತೆ.
ಮರ ಬಿದ್ದು ಎಷ್ಟೋ ವರ್ಷ, ಹೆಸರು ಮಾತ್ರ
ಬಸ್ಸಿನ ಹಣೆಯ ಮೇಲೆ ಓಡಾಡುತ್ತದೆ.

ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ
ಹನ್ನೆರಡೂವರೆಯಿಂದ ಮೂರು ಗಂಟೆ
ಬಿಸಿಲಲ್ಲಿ ಕೆಲಸ ಮಾಡಿಸಬಾರದು, ಕಾನೂನು.
ಪೋಸ್ಟರನ್ನು ಗಾಜಿನ ಬಾಗಿಲಿಗೆ ನಾನೇ ಅಂಟಿಸಿದ್ದು:
ಕೆಂಪು ಸೂರ್ಯ, ಕೆಳಗೆ ಹೆಲ್ಮೆಟ್ಟಿನ, ಮುಖವಿಲ್ಲದ ಮನುಷ್ಯ.
ಇಪ್ಪತ್ತೆರಡು ವರ್ಷ ಸರಕಾರಿ ಕಾಗದ ಟೈಪು ಮಾಡಿದ್ದೇನೆ,
ಬಿಸಿಲೂ ಪರದೇಶಿಯೂ ಒಂದೇ ಹಾಳೆಯಲ್ಲಿ ಕೂತದ್ದು
ಇದೊಂದರಲ್ಲೇ.

ಆ ಹೊತ್ತಿಗೇ ಬರುತ್ತಾರೆ ಇವರು.
ಫಾರಮ್ಮಿಗೆ ಹದಿನೈದು ದಿರ್ಹಮ್, ಏಸಿ ಪುಕ್ಕಟೆ.

ಮೊಫಿಜುಲ್, ಭೋಲಾ ದ್ವೀಪದವ, ಕಬ್ಬಿಣ ಕಟ್ಟುವವ.
ಖಾಯಂ ವಿಳಾಸ? ಎಂದರೆ ಬೆರಳು ಮಡಚಿದ:
ಯಾವುದು ಹೇಳಲಿ ಭಾಯಿ,
ಹೊಳೆ ತಿಂದ ಮೊದಲನೆಯದೋ, ಎರಡನೆಯದೋ,
ಒಡ್ಡಿನ ಮೇಲೆ ತಗಡು ಹೊದೆಸಿಕೊಂಡು
ಅಮ್ಮ ಈಗ ಕೂತಿರುವುದೋ?
ಪಾಸ್‌ಪೋರ್ಟಿನಲ್ಲಿದ್ದದ್ದು ಮೊದಲನೆಯದು.
ಅದನ್ನೇ ಒತ್ತಿದೆ. ಹೊಳೆಯ ನಟ್ಟನಡುವೆ
ಒಂದು ಮನೆ ನಂಬರು, ಪಿನ್‌ಕೋಡು ಸಮೇತ.

ಬಂದ ಕಾರಣ: ಉದ್ಯೋಗ.
ಎಲ್ಲರದೂ ಅದೇ. ಭೇಟಿ, ಕುಟುಂಬ, ಹೂಡಿಕೆ, ಚಿಕಿತ್ಸೆ,
ಪಟ್ಟಿಯನ್ನು ಕೆಳಗೆ ಎಳೆದೆಳೆದು ನೋಡಿದ್ದೇನೆ,
ಉಪ್ಪೇರಿದ ಗದ್ದೆ ಅಂತ ಇಲ್ಲ.
ಒಮ್ಮೆ ತಮಾಷೆಗೆ ‘ಇತರೆ’ ಒತ್ತಿದೆ.
ಪರದೆ ಕೆಂಪಾಯಿತು: ದಾಖಲೆ ಲಗತ್ತಿಸಿ.
ಎಂತ ಲಗತ್ತಿಸುವುದು ಮಾರಾಯ,
ಸಮುದ್ರದ ಸಹಿ ತರುವುದು ಯಾವ ಆಫೀಸಿನಿಂದ?

ಕಳೆದ ಚಳಿಗಾಲ ದೊಡ್ಡ ಹೋಟೆಲಿನಲ್ಲಿ ಸಭೆ.
ಹವಾಮಾನದವರಿಗೆ ಒಂದು ಹಾಲ್, ವಲಸೆಯವರಿಗೆ ಇನ್ನೊಂದು.
ಎದೆಗೆ ತೂಗುವ ಹೆಸರುಚೀಟಿ ನಮ್ಮಲ್ಲೇ ಪ್ರಿಂಟಾಯಿತು,
ಅವರಿಗೆ ಹಸಿರು ದಾರ, ಇವರಿಗೆ ನೀಲಿ.
ಕೊಡಲು ಹೋದವ ನಡುವಿನ ಗೋಡೆ ತಟ್ಟಿ ನೋಡಿದೆ.
ಟೊಳ್ಳು. ಮಡಚುವ ಗೋಡೆ. ಕೆಳಗೆ ಚಕ್ರ ಇತ್ತು.
ಎರಡೂ ಕಡೆ ಚಾ ಕೊಡುತ್ತಿದ್ದವ ಒಬ್ಬನೇ,
ನಮ್ಮ ಉಚ್ಚಿಲದ ಜಲಜಾಕ್ಷ ಸಾಲ್ಯಾನ್,
ಬಾವಿಯನ್ನೂ ಬಲೆಯ ಕೊಟ್ಟಿಗೆಯನ್ನೂ
ಒಂದೇ ರಾತ್ರಿ ಕಡಲಿಗೆ ಕೊಟ್ಟವ.
ಒಳಗೆ ಎಂತ ಮಾತಾಡುತ್ತಾರೆ? ಕೇಳಿದೆ.
ಸಕ್ಕರೆ ಕಡಿಮೆ ಹಾಕು ಅಂತಾರೆ, ಎಂದ.

ಮತ್ತೆ ಆ ಏಪ್ರಿಲಿನ ಮಳೆ.
ವರ್ಷದ್ದೆಲ್ಲ ಒಂದೇ ದಿನ. ಚರಂಡಿಯೇ ಇಲ್ಲದ ಬೀದಿ,
ನೀರಿನ ಹೆಸರಲ್ಲಿ ಖಾತೆಯನ್ನೇ ತೆರೆಯದ ಊರು.
ಅಂಗಡಿಯೊಳಗೆ ಮೊಣಕಾಲುದ್ದ ನೀರು,
ಫಾರಮ್ಮುಗಳು ಮಗುಚಿದ ಮೀನಿನ ಹಾಗೆ ತೇಲಿದವು.
ಕರೆಯದೆ ಬಂದ ಮೊಫಿಜುಲ್, ಪ್ಯಾಂಟು ಮಡಚಿಕೊಂಡು.
ಮೊದಲು ಪಾಸ್‌ಪೋರ್ಟುಗಳು, ಪ್ಲಾಸ್ಟಿಕ್ಕಿನಲ್ಲಿ, ಮೇಲಿನ ಹಲಗೆಗೆ,
ಆಮೇಲೆ ನನ್ನ ಶುಗರಿನ ಮಾತ್ರೆ, ಕೊನೆಗೆ ಕಂಪ್ಯೂಟರು.
ಕಿವಿಯಲ್ಲಿದ್ದ ಪೆನ್ಸಿಲಿನಿಂದ ಗೋಡೆಗೆ ಗೆರೆ ಎಳೆದ,
ನೀರು ಎಲ್ಲಿಯವರೆಗಿದೆಯೋ ಅಲ್ಲಿಗೆ.
ಗಂಟೆ ಬಿಟ್ಟು ನೋಡುವಾ ಭಾಯಿ,
ಗೆರೆ ಮುಳುಗಿದರೆ ಹೊರಡುವುದು. ಅಷ್ಟೇ ಲೆಕ್ಕ.

ಮುಳುಗಲಿಲ್ಲ. ಬಣ್ಣ ಬಳಿಯುವವನಿಗೆ
ಆ ಗೆರೆ ಬಿಟ್ಟು ಬಳಿ ಎಂದೆ.

ಈ ಬೇಸಿಗೆ ನನ್ನದೇ ಪಾಸ್‌ಪೋರ್ಟು ಮುಗಿಯುತ್ತದೆ.
ನಾದಿನಿ ಫೋನಿನಲ್ಲಿ ಹೇಳಿದಳು:
ಎಂಟರಲ್ಲಿ ಮೂರು ತೆಂಗು ನಿಂತಿವೆ, ಕಕ್ಕಸು ಹೋಯಿತು,
ಕಲ್ಲು ಹಾಕುವ ಟೆಂಡರು ಆಗಿದೆಯಂತೆ, ಮಳೆ ಕಳೆದ ಮೇಲೆ.
ವಿಳಾಸ ಬದಲಾಗಿದೆಯೇ? ಹೌದು. ಇಲ್ಲ.
ಎರಡು ಚೌಕಗಳ ನಡುವೆ ಮಿಣುಕುವ ಬಾಣ.

ಮೂರು ಗಂಟೆ. ಬೆಂಚಿನವರೆಲ್ಲ ಒಟ್ಟಿಗೆ ಎದ್ದರು,
ಬಾಗಿಲು ತೆರೆದಷ್ಟು ಹೊತ್ತು ಬೆಂಕಿ ಒಳಬಂತು.
ಬೆನ್ನು ಒರಗಿದ ಗೋಡೆಯಲ್ಲಿ ಬಿಳಿಯ ಉಪ್ಪು.
ಒದ್ದೆ ಬಟ್ಟೆ ತೆಗೆದುಕೊಂಡೆ, ಒರೆಸಿದೆ,
ಗೆರೆಯ ಹತ್ತಿರ ಮಾತ್ರ ಜಾಗ್ರತೆಯಲ್ಲಿ.